ಮನೆ ಬಿಡುವ ಮುನ್ನ ಒಂದು ಬೆಲೆಚೀಟಿ

ಮುಲುಂಡಿನ ನಮ್ಮ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ಸೊಸೈಟಿಯ ಸಭೆಯಲ್ಲಿ ನಿರ್ಧಾರವಾದ ರಾತ್ರಿ ನಮ್ಮ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಮಾಳದ ಮೇಲಿನ ತಾಮ್ರದ ಹಂಡೆಯನ್ನು ಕುರಿತದ್ದು. ಹೊಸ ಮನೆ ಎಷ್ಟು ಚದರಡಿ, ಯಾವ ಮಹಡಿ, ಬಾಡಿಗೆಯ ಹಣ ಎಷ್ಟು ತಿಂಗಳು ಬರುತ್ತದೆ ಎಂಬುದೆಲ್ಲ ಕಾಗದದ ಮೇಲೆ ಇತ್ತು. ಹಂಡೆ ಎಲ್ಲಿಗೆ ಹೋಗುತ್ತದೆ ಎಂಬುದು ಯಾವ ಕರಾರುಪತ್ರದಲ್ಲಿಯೂ ಇರಲಿಲ್ಲ. 34 ವರ್ಷಗಳ ಹಿಂದೆ ಊರಿನಿಂದ ಬಸ್ಸಿನ ತಲೆಯ ಮೇಲೆ ಹೇರಿಕೊಂಡು ಬಂದ ಆ ಹಂಡೆಯಲ್ಲಿ ನಾವು ಒಮ್ಮೆಯೂ ನೀರು ಕಾಯಿಸಿದವರಲ್ಲ. ಕಾಯಿಸಲು ಈ ನಗರದ ಮನೆಯಲ್ಲಿ ಬಚ್ಚಲೊಲೆ ಎಲ್ಲಿ? ಅದರೊಳಗೆ ಹಳೆಯ ಕಂಬಳಿ, ದೀಪಾವಳಿಯ ವಿದ್ಯುದ್ದೀಪದ ಸರ, ಮಕ್ಕಳ ಶಾಲೆಯ ಅಂಕಪಟ್ಟಿಗಳು ವಾಸವಾಗಿದ್ದವು.

ಮುಂಬಯಿಯ ಉಪನಗರಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕಿಳಿಯುತ್ತಿರುವ ಈ ಕಾಲದಲ್ಲಿ ನಮ್ಮಂಥ ಕುಟುಂಬಗಳು ಎರಡು ಸಲ ಮನೆ ಬದಲಿಸಬೇಕಾಗುತ್ತದೆ. ಮೊದಲು ಇರುವ ಮನೆಯಿಂದ ಬಾಡಿಗೆಯ ಮನೆಗೆ. ಕೆಲವು ವರ್ಷಗಳ ಬಳಿಕ ಬಾಡಿಗೆಯ ಮನೆಯಿಂದ ಹೊಸ ಮನೆಗೆ. ದೆಹಲಿಯ ಸರಕಾರಿ ವಸತಿಗೃಹದಲ್ಲಿರುವವರಿಗೆ ನಿವೃತ್ತಿ, ಪುಣೆ ಹೈದರಾಬಾದುಗಳಲ್ಲಿರುವವರಿಗೆ ಕಂಪನಿಯ ಬದಲಾವಣೆ, ಬ್ಯಾಂಕಿನವರಿಗೆ ವರ್ಗಾವಣೆ, ಚೆನ್ನೈಯಲ್ಲಿ ಬಾಡಿಗೆಗಿರುವವರಿಗೆ ಮನೆಯೊಡೆಯನ ಮಗನ ಮದುವೆ. ಕಾರಣ ಬೇರೆ ಬೇರೆ, ಕೊನೆಗೆ ಎದುರಾಗುವ ಪ್ರಶ್ನೆ ಒಂದೇ. ಕಾನೂನಿನ ಭಾಷೆಯಲ್ಲಿ ಸ್ಥಿರಸ್ವತ್ತು, ಚರಸ್ವತ್ತು ಎಂದು ಎರಡು ವಿಧ. ಹೊರನಾಡಿಗೆ ಬಂದವರ ಬದುಕಿನಲ್ಲಿ ಮನೆಯೂ ಚರವಾಗುತ್ತದೆ, ಅದರೊಳಗಿನ ಕಪಾಟು ಮಾತ್ರ ಸ್ಥಿರವಾಗಿ ನಿಂತುಬಿಡುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮವರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ನಾಲ್ಕು. ಎಲ್ಲವನ್ನೂ ಕಟ್ಟಿಕೊಂಡು ಹೋಗುವುದು. ಗುಜರಿಯವನನ್ನು ಕರೆದು ಒಟ್ಟಾರೆ ಒಂದು ಮೊತ್ತಕ್ಕೆ ಒಪ್ಪಿಸುವುದು. ಮನೆಗೆಲಸದವರಿಗೆ, ಕಾವಲುಗಾರನಿಗೆ ಹಂಚುವುದು. ಊರಿನ ಮನೆಯ ಅಟ್ಟಕ್ಕೆ ಸಾಗಿಸುವುದು. ಐದನೆಯ ದಾರಿಯೊಂದಿದೆ. ಮನೆಯ ಬಾಗಿಲು ತೆರೆದಿಟ್ಟು, ಪ್ರತಿ ವಸ್ತುವಿಗೂ ಬೆಲೆಚೀಟಿ ಅಂಟಿಸಿ, ಬೇಕಾದವರು ಬಂದು ನೋಡಿ ಕೊಂಡುಹೋಗಿ ಎನ್ನುವುದು. ನಾವು ಈ ಐದನೆಯ ದಾರಿಯನ್ನು ಹಿಡಿದೆವು. ಹಿಡಿದ ಮೇಲೆ, ಉಳಿದ ನಾಲ್ಕಕ್ಕಿಂತ ಇದೇ ಪ್ರಾಮಾಣಿಕವಾದುದು, ನಮ್ಮವರು ಇದಕ್ಕೆ ನಾಚಬೇಕಾಗಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದೇವೆ. ಆ ಅಭಿಪ್ರಾಯವನ್ನು ಕಾರಣಸಹಿತ ಇಲ್ಲಿ ಮಂಡಿಸುತ್ತಿದ್ದೇವೆ.

ನಾಚಿಕೆಯಿಂದಲೇ ಆರಂಭಿಸೋಣ. ಕನ್ನಡದಲ್ಲಿ 'ಹರಾಜು' ಎಂದೊಡನೆ ನೆನಪಾಗುವ ಪದ ಯಾವುದು? ಮಾನ. ಮಾನ ಹರಾಜಾಯಿತು, ಮರ್ಯಾದೆ ಹರಾಜು ಹಾಕಿದರು ಎನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ 'ಲಿಲಾವು' ಎಂಬ ಮಾತಿದೆ; ಪೋರ್ತುಗೀಸರ ಬಾಯಿಂದ ಮರಾಠಿ, ಕೊಂಕಣಿಗಳಿಗೆ ಬಂದು ನಮ್ಮಲ್ಲಿಗೂ ದಾಟಿದ ಈ ಪದದ ಹಿಂದೆಯೂ ಸಾಲ, ಜಪ್ತಿ, ಅಂಗಳಕ್ಕೆ ಬಂದ ಅಮೀನರ ನೆರಳಿದೆ. ಮನೆಯ ಪಾತ್ರೆ ಬೀದಿಗೆ ಬಂತೆಂದರೆ ಮನೆತನವೇ ಬೀದಿಗೆ ಬಂತೆಂದು ಅರ್ಥಮಾಡಿದ ಸಮಾಜ ನಮ್ಮದು. ಬರಗಾಲದಲ್ಲಿ, ಸಾಲದ ಶೂಲದಲ್ಲಿ ಪಾತ್ರೆ ಮಾರಿದವರ ಮೊಮ್ಮಕ್ಕಳು ನಾವು. ಆ ನಾಚಿಕೆ ಆ ಕಾಲಕ್ಕೆ ನಿಜವಾದುದು, ಅದನ್ನು ಹಗುರಾಗಿ ಕಾಣುವ ಅಧಿಕಾರ ನಮಗಿಲ್ಲ. ಆದರೆ ಒಂದೇ ಅಳತೆಯ ಮೂರು ಕುಕ್ಕರುಗಳಲ್ಲಿ ಎರಡನ್ನು ಮಾರುವಾಗ ಆ ನಾಚಿಕೆಯನ್ನು ಎರವಲು ತಂದುಕೊಳ್ಳುವುದು ಅಜ್ಜಂದಿರ ಕಷ್ಟಕ್ಕೆ ಮಾಡುವ ಗೌರವವಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಳೆಯದನ್ನು ಕೊಳ್ಳಲು ನಾವು ಎಂದೂ ನಾಚಿದವರಲ್ಲ. ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಪಾದಚಾರಿ ಹಾದಿಯ ಹಳೆಯ ಪುಸ್ತಕಗಳ ಮುಂದೆ ಎಷ್ಟು ಸಂಜೆಗಳನ್ನು ಕಳೆದಿದ್ದೇವೆ! 1985ರಲ್ಲಿ ಬೆಂಕಿಗೆ ಆಹುತಿಯಾದ ಮದರಾಸಿನ ಮೂರ್ ಮಾರ್ಕೆಟ್ಟನ್ನು ನೆನೆದು ಇಂದಿಗೂ ಮರುಗುವ ಹಿರಿಯ ಕನ್ನಡಿಗರಿದ್ದಾರೆ. ದೆಹಲಿಯ ದರಿಯಾಗಂಜಿನ ಭಾನುವಾರದ ಪುಸ್ತಕ ಸಂತೆ 2019ರಲ್ಲಿ ರಸ್ತೆಬದಿಯಿಂದ ಮಹಿಳಾ ಹಾಟಿನ ಆವರಣಕ್ಕೆ ಸ್ಥಳಾಂತರವಾದಾಗ ನೊಂದುಕೊಂಡವರಲ್ಲಿ ನಮ್ಮವರೂ ಇದ್ದರು. ಪುಣೆಯ ಜುನಾ ಬಜಾರಿನಲ್ಲಿ ಹಿತ್ತಾಳೆಯ ದೀಪ ಕೊಂಡವರು ಅದನ್ನು ಪಡಸಾಲೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ಆ ದೀಪವನ್ನು ಯಾರೋ ಒಬ್ಬರು ಮಾರಿರಲೇಬೇಕಲ್ಲ? ಕೊಳ್ಳುವವರ ಸಾಲಿನಲ್ಲಿ ನಿಲ್ಲುವುದು ರಸಿಕತೆ, ಮಾರುವವರ ಸಾಲಿನಲ್ಲಿ ನಿಲ್ಲುವುದು ಅವಮಾನ ಎಂಬುದು ಯಾವ ನ್ಯಾಯ?

ನಾಚಿಕೆಗಿಂತ ಬಲವಾದ ಆಕ್ಷೇಪ ಇನ್ನೊಂದಿದೆ: ಮಾರುವುದೇಕೆ, ಬಡವರಿಗೆ ಕೊಟ್ಟುಬಿಡಬಹುದಲ್ಲ ಎಂಬುದು. ನಾವೂ ಹಾಗೆಯೇ ಯೋಚಿಸಿದ್ದೆವು. ನಮ್ಮನ್ನು ತಿದ್ದಿದವರು ನಮ್ಮ ಮನೆಯಲ್ಲಿ 19 ವರ್ಷ ಪಾತ್ರೆ ತೊಳೆದು, ನೆಲ ಒರೆಸಿದ ಹೆಂಗಸು. ಕಾಲಿನಿಂದ ತುಳಿದು ಹೊಲಿಯುವ ನಮ್ಮ ಹಳೆಯ ಯಂತ್ರದ ಮೇಲೆ ಅವರಿಗೆ ಕಣ್ಣಿತ್ತು; ಸೊಸೆ ರವಿಕೆ ಹೊಲಿಯಲು ಕಲಿತಿದ್ದಳು. ಯಂತ್ರವನ್ನು ತೆಗೆದುಕೊಂಡು ಹೋಗಿ, ಜೊತೆಗೆ ಫ್ರಿಜ್ಜನ್ನೂ ಮಂಚವನ್ನೂ ಒಯ್ಯಿರಿ, ದುಡ್ಡೇನೂ ಬೇಡ ಎಂದು ನಾವು ಉದಾರವಾಗಿ ನುಡಿದೆವು. ಅವರು ಒಪ್ಪಲಿಲ್ಲ. ಹತ್ತು ಅಡಿಗೆ ಹತ್ತು ಅಡಿಯ ಖೋಲಿಯಲ್ಲಿ ಮಂಚ ಹಾಕಿದರೆ ಮಲಗುವುದೆಲ್ಲಿ ಎಂದು ಕೇಳಿದರು. ಆಮೇಲೆ, ಮೆಲ್ಲಗೆ, ನಾಲ್ಕು ವರ್ಷಗಳ ಹಿಂದೆ ನಾವು 'ಕೊಟ್ಟ' ಮಿಕ್ಸರಿನ ಕಥೆಯನ್ನು ಹೇಳಿದರು. ಅದರ ದುರಸ್ತಿಗೆ 600 ರೂಪಾಯಿ ಹೋಗಿತ್ತು. ಆಮೇಲೂ ಅದು ತಿರುಗಲಿಲ್ಲ. ಕೊನೆಗೆ ಅವರೇ ಅದನ್ನು ಗುಜರಿಗೆ ಹಾಕಿದರು. ಆಗಲೇ ಬೇಡವೆನ್ನಬಹುದಿತ್ತಲ್ಲ ಎಂದು ನಾವು ಕೇಳಿದ್ದಕ್ಕೆ, "ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಬೆಲೆ ಬರೆಯಿರಿ. ಬೆಲೆ ಬರೆದರೆ ನಾನು ನೋಡಬಹುದು, ಚೌಕಾಸಿ ಮಾಡಬಹುದು, ಬೇಡ ಎಂದು ಎದ್ದುಹೋಗಬಹುದು" ಎಂದರು.

ನಮ್ಮಲ್ಲೊಂದು ಗಾದೆಯಿದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ. ಪಡೆದವಳ ಕೃತಘ್ನತೆಯನ್ನು ಹಾಸ್ಯಮಾಡಲು ನಾವು ಇದನ್ನು ಬಳಸುತ್ತ ಬಂದಿದ್ದೇವೆ. ಗಾದೆ ಕಟ್ಟಿದವರು ಕೊಟ್ಟವರ ಕಡೆಯವರೆಂಬುದು ಅಂದು ನಮಗೆ ಹೊಳೆಯಿತು. ಆಕೆ ಮೊಳ ಹಾಕಬಾರದೇಕೆ? ದಟ್ಟಿ ಉಡಬೇಕಾದವಳು ಆಕೆಯೇ. ಹಿತ್ತಲಿಗೆ ಹೋಗಿ ಕದ್ದು ಅಳೆಯಬೇಕಾಗಿ ಬಂದದ್ದು ಆಕೆಯ ತಪ್ಪಲ್ಲ. ಎದುರಿಗೆ ಅಳೆಯುವ ಹಕ್ಕು ಧರ್ಮ ತೆಗೆದುಕೊಳ್ಳುವವಳಿಗಿಲ್ಲ ಎಂಬುದೇ ಕಾರಣ. ಬೆಲೆ ಬರೆದಾಗ ಆ ಹಕ್ಕು ಹುಟ್ಟುತ್ತದೆ. ಹೊಲಿಗೆಯಂತ್ರಕ್ಕೆ ನಾವು 1,500 ಎಂದು ಬರೆದೆವು. ಅವರು ಪಟ್ಟಿ ಎಳೆದು ನೋಡಿದರು, ಸೂಜಿ ಸಿಕ್ಕಿಸಿ ಚಿಂದಿಯೊಂದರ ಮೇಲೆ ಹೊಲಿದು ನೋಡಿದರು, 1,200ಕ್ಕೆ ಇಳಿಸಿ ಎರಡು ಕಂತುಗಳಲ್ಲಿ ಕೊಟ್ಟರು. 19 ವರ್ಷಗಳಲ್ಲಿ ನಮ್ಮ ಪಡಸಾಲೆಯ ಕುರ್ಚಿಯ ಮೇಲೆ ಅವರು ಕುಳಿತದ್ದು ಅಂದೇ ಮೊದಲು. ಇದನ್ನು ಬರೆಯುವಾಗ ತಲೆ ತಗ್ಗುತ್ತದೆ, ಆದರೂ ಬರೆಯಲೇಬೇಕು.

ಇದಕ್ಕೆ ಸೇರಿದ ಇನ್ನೊಂದು ಲೆಕ್ಕವಿದೆ, ಅದನ್ನು ಮಾರಾಟದ ಲೆಕ್ಕದೊಡನೆ ಬೆರೆಸಬಾರದು. ಕಟ್ಟಡ ಖಾಲಿಯಾಗುವಾಗ ಫ್ಲಾಟಿನ ಒಡೆಯರಾದ ನಮಗೆ ಬಾಡಿಗೆಯ ಹಣ ಸಿಗುತ್ತದೆ, ಸಾಗಣೆಯ ಖರ್ಚು ಸಿಗುತ್ತದೆ, ಕೊನೆಗೆ ದೊಡ್ಡ ಮನೆಯೂ ಸಿಗುತ್ತದೆ. ಆ ಹೆಂಗಸು ನಮ್ಮ ಕಟ್ಟಡದಲ್ಲಿಯೇ ಐದು ಮನೆಗಳ ಕೆಲಸ ಮಾಡುತ್ತಿದ್ದರು. ಒಂದೇ ತಿಂಗಳಲ್ಲಿ ಐದೂ ಮನೆಗಳು ಅವರ ಕೈತಪ್ಪಿದವು. ಅವರ ಹೆಸರು ಯಾವ ಕರಾರಿನಲ್ಲಿಯೂ ಇಲ್ಲ. ಹಳೆಯ ಫ್ರಿಜ್ ಕೊಟ್ಟೆವು, ಸೀರೆಗಳ ಗಂಟು ಕೊಟ್ಟೆವು ಎಂದು ಹೇಳಿಕೊಂಡು ಈ ಋಣವನ್ನು ತೀರಿಸಿದಂತೆ ಭಾವಿಸುವುದು ನಮ್ಮ ವರ್ಗದ ಹಳೆಯ ಚಾಳಿ. ಋಣ ಹಣದ್ದು, ಹಣದಲ್ಲಿಯೇ ತೀರಬೇಕು. ವರ್ಷಕ್ಕಿಷ್ಟು ಎಂದು ಲೆಕ್ಕಹಾಕಿ ಕೊಡಬೇಕಾದುದನ್ನು ಕೊಟ್ಟು, ಅನಂತರ ಸಾಮಾನಿಗೆ ಬೆಲೆ ಹೇಳಬೇಕು. ಮೊದಲನೆಯದನ್ನು ಮಾಡದೆ ಎರಡನೆಯದನ್ನಷ್ಟೇ ಮಾಡುವವರಿಗೆ ನಮ್ಮ ಈ ಬರಹ ಸಮರ್ಥನೆಯಾಗದಿರಲಿ.

ಮಾರಾಟದ ಕ್ರಮವನ್ನೂ ಒಂದಿಷ್ಟು ಹೇಳಬೇಕು, ಏಕೆಂದರೆ ಕ್ರಮ ತಪ್ಪಿದರೆ ಇದು ಮತ್ತೆ ಗುಜರಿಯೇ ಆಗುತ್ತದೆ. ನಾವು ಶನಿವಾರ, ಭಾನುವಾರ ಎರಡು ದಿನ ಬಾಗಿಲು ತೆರೆದಿಟ್ಟೆವು. ಅದಕ್ಕೂ ಮೂರು ವಾರ ಮೊದಲು ಮಕ್ಕಳಿಗೆ, ಒಡಹುಟ್ಟಿದವರಿಗೆ ತಿಳಿಸಿದ್ದೆವು: ಮನೆತನದ ವಸ್ತುಗಳಲ್ಲಿ ಯಾರಿಗೆ ಏನು ಬೇಕೋ ಇಂಥ ದಿನಾಂಕದೊಳಗೆ ಬಂದು ಒಯ್ಯಿರಿ, ಬಯಸಿದರೆ ಸಾಲದು, ಒಯ್ಯಲೂ ಬೇಕು. ಅಮ್ಮನ ಈಳಿಗೆಮಣೆಯನ್ನು ಮಾರಬೇಡಿ ಎಂದು ಮೂರು ಊರುಗಳಿಂದ ಫೋನು ಬಂತು, ಒಯ್ಯಲು ಯಾರೂ ಬರಲಿಲ್ಲ. ಅದನ್ನು ನಾವೇ ಇಟ್ಟುಕೊಂಡಿದ್ದೇವೆ. ನೆನಪಿನ ವಸ್ತುವನ್ನು ಮಾರಬೇಕೆಂಬ ಹಟ ನಮಗಿಲ್ಲ. ಆದರೆ ನೆನಪಿನ ಹೊರೆಯನ್ನು ಒಬ್ಬರೇ ಹೊರಬೇಕು, ಉಳಿದವರು ದೂರದಿಂದ ಭಾವುಕರಾಗಬಹುದು ಎಂಬ ಏರ್ಪಾಡಿಗೆ ನಮ್ಮ ವಿರೋಧವಿದೆ.

ಆಮೇಲೆ ಚೀಟಿಗಳು. ಪ್ರತಿ ವಸ್ತುವಿನ ಮೇಲೆ ಬೆಲೆ, ಕೊಂಡ ವರ್ಷ, ದೋಷ, ಈ ಮೂರನ್ನೂ ಬರೆದೆವು. "ಬಲಗಡೆಯ ಬಾಗಿಲು ಎತ್ತಿ ಹಿಡಿದರೆ ಮಾತ್ರ ಮುಚ್ಚುತ್ತದೆ" ಎಂದು ಕಪಾಟಿನ ಮೇಲೆ. "ಮೂರನೆಯ ವೇಗದಲ್ಲಿ ಸದ್ದು ಮಾಡುತ್ತದೆ" ಎಂದು ಫ್ಯಾನಿನ ಮೇಲೆ. ದೋಷ ಬರೆಯುವುದು ವ್ಯಾಪಾರಕ್ಕೆ ಮಾರಕವೆಂದು ನೆರೆಯವರು ಎಚ್ಚರಿಸಿದರು. ಆದದ್ದು ಬೇರೆಯೇ. ದೋಷ ಬರೆದ ವಸ್ತುಗಳ ಮುಂದೆ ಚೌಕಾಸಿ ಕಡಿಮೆಯಾಯಿತು. ಹೇಳದೆ ಮುಚ್ಚಿಟ್ಟದ್ದು ಇನ್ನೇನೂ ಇಲ್ಲ ಎಂಬ ನಂಬಿಕೆ ಅದಕ್ಕೆ ಕಾರಣವಿರಬಹುದು. ವಿದ್ಯುತ್ ಉಪಕರಣಗಳನ್ನು ಪ್ಲಗ್ಗಿಗೆ ಹಾಕಿ ನೋಡಲು ಒಂದು ಮೇಜನ್ನು ಬೇರೆಯಾಗಿಯೇ ಇಟ್ಟಿದ್ದೆವು.

ಬಂದವರು ಯಾರು? ಒಂದೇ ಕೋಣೆಯಲ್ಲಿ ನಾಲ್ವರಿರುವ ವಿದ್ಯಾರ್ಥಿಗಳು, ಹೊಸದಾಗಿ ಸಂಸಾರ ಹೂಡಿದ ದಂಪತಿಗಳು, ಡಬ್ಬಿಯ ಊಟ ಮಾಡಿಕೊಡುವ ಹೆಂಗಸೊಬ್ಬರು, ಇಸ್ತ್ರಿಯವನು. ಹಂಡೆಗೆ ಇಬ್ಬರು ಗಿರಾಕಿಗಳಾದರು. ಗುಜರಿಯವನು ತಾಮ್ರದ ತೂಕಕ್ಕೆ ಬೆಲೆ ಹೇಳಿದ. ಡೊಂಬಿವಲಿಯಿಂದ ಬಂದ, ಮದುವೆಮುಂಜಿಗಳ ಅಡುಗೆ ಹಿಡಿಯುವ ಉಡುಪಿಯ ಕಡೆಯವರೊಬ್ಬರು ಅದಕ್ಕಿಂತ 800 ರೂಪಾಯಿ ಕಡಿಮೆ ಹೇಳಿದರು. ನಾವು ಅಡುಗೆಯವರಿಗೆ ಕೊಟ್ಟೆವು. ಇದು ವ್ಯಾಪಾರದ ತರ್ಕಕ್ಕೆ ವಿರುದ್ಧವಲ್ಲವೇ ಎಂದು ಕೇಳಬಹುದು. ಅಲ್ಲ. ಮಾರುವವನು ತಾನೇ ಬೆಲೆ ಬರೆದಾಗ ಯಾರಿಗೆ, ಯಾವುದಕ್ಕೆ ಎಂಬ ಆಯ್ಕೆಯೂ ಅವನ ಕೈಯಲ್ಲಿ ಉಳಿಯುತ್ತದೆ. ಗುಜರಿಗೆ ಹಾಕಿದಾಗ ಹಂಡೆ ತಾಮ್ರವಾಗುತ್ತದೆ; ಅಡುಗೆಯವರ ಕೈಗೆ ಹೋದಾಗ ಹಂಡೆಯಾಗಿಯೇ ಉಳಿಯುತ್ತದೆ. ಆ 800 ರೂಪಾಯಿಯನ್ನು ನಾವು ಕಳೆದುಕೊಂಡೆವು ಎನ್ನುವುದಕ್ಕಿಂತ ಖರ್ಚುಮಾಡಿದೆವು ಎನ್ನುವುದು ಸರಿ.

ಎಲ್ಲವನ್ನೂ ಮಾರಬಹುದೆಂದು ನಾವು ಹೇಳುತ್ತಿಲ್ಲ. ಅಡುಗೆ ಅನಿಲದ ಸಿಲಿಂಡರು, ರೆಗ್ಯುಲೇಟರುಗಳು ನಮ್ಮವಲ್ಲ. ಠೇವಣಿ ಇಟ್ಟು ತೈಲ ಕಂಪನಿಯಿಂದ ಪಡೆದವು. ಬೇರೆ ಊರಿಗೆ ಹೋಗುವವರು ಅವನ್ನು ವಿತರಕರಿಗೆ ಒಪ್ಪಿಸಿ, ಚೀಟಿ ಪಡೆದು, ಠೇವಣಿಯನ್ನು ಹಿಂದಕ್ಕೆ ಪಡೆಯಬೇಕು. ಕೆಟ್ಟ ಮೊಬೈಲು, ಗಣಕಯಂತ್ರಗಳನ್ನು ರದ್ದಿಯವನ ಚೀಲಕ್ಕೆ ತುಂಬಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ಅವು ನೋಂದಾಯಿತ ಸಂಸ್ಕರಣೆಯವರಿಗೆ ಸೇರಬೇಕು. ನಡೆಯುವ ಫೋನನ್ನು ಮಾರುವುದಾದರೆ ಒಳಗಿನ ಮಾಹಿತಿಯನ್ನು ಪೂರ್ತಿ ಅಳಿಸಿಯೇ ಕೊಡಬೇಕು. ಹಳೆಯ ಔಷಧಿ, ಬಳಸಿದ ಹೆಲ್ಮೆಟ್ಟು ಇಂಥವನ್ನು ಮಾರುವುದೂ ತಪ್ಪು, ಕೊಡುವುದೂ ತಪ್ಪು.

ಇನ್ನೊಂದು ಎಚ್ಚರಿಕೆ ನಮ್ಮವರಿಗೆ ವಿಶೇಷವಾಗಿ ಬೇಕಾದುದು. ಅಜ್ಜನ ಕಾಲದ ಪೆಟ್ಟಿಗೆ ತೆರೆದಾಗ ಅದರಲ್ಲಿ ತಾಳೆಗರಿಯ ಕಟ್ಟು ಸಿಗುವುದು ಅಪರೂಪವೇನಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ವಿಗ್ರಹ, ಶಿಲ್ಪಗಳೂ, 75 ವರ್ಷ ಮೀರಿದ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಕಾಯಿದೆಯ ಮಾತು ಹಾಗಿರಲಿ, ಓದಲು ಬಾರದ ಲಿಪಿಯೆಂದು ತಾಳೆಗರಿಯನ್ನು ಅಲಂಕಾರದ ಅಂಗಡಿಗೆ ಮಾರುವುದು ಒಂದು ಕೃತಿಯ ಏಕೈಕ ಪ್ರತಿಯನ್ನೇ ಕಳೆದುಹಾಕಿದಂತೆ ಆಗಬಹುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗಳು ಇರುವುದೇ ಇದಕ್ಕಾಗಿ. 1905ರಲ್ಲಿ ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ದೊರೆತದ್ದು ಯಾರೋ ತಮ್ಮಲ್ಲಿದ್ದ ತಾಳೆಗರಿಯ ಕಟ್ಟನ್ನು ಅಲ್ಲಿಗೆ ತಂದೊಪ್ಪಿಸಿದ್ದರಿಂದ ಎಂಬುದನ್ನು ಮರೆಯಬಾರದು.

ಈಗ ಪುಸ್ತಕಗಳ ಮಾತು. ಈ ಬಳಗದ ಓದುಗರಿಗೆ ಎಲ್ಲಕ್ಕಿಂತ ನೋಯುವ ಜಾಗ ಇದೇ ಎಂದು ಬಲ್ಲೆವು. ನಮ್ಮ ಮನೆಯಲ್ಲಿ ಸುಮಾರು 700 ಕನ್ನಡ ಪುಸ್ತಕಗಳಿದ್ದವು. ಊರಿಗೆ ಹೋದಾಗಲೆಲ್ಲ ಹೊತ್ತು ತಂದವು, ಸಂಘದ ಸಮಾರಂಭಗಳಲ್ಲಿ ಕೊಂಡವು, ಲೇಖಕರು ಸಹಿಮಾಡಿ ಕೊಟ್ಟವು. ಮಕ್ಕಳು ಕನ್ನಡವನ್ನು ಚೆನ್ನಾಗಿಯೇ ಮಾತಾಡುತ್ತಾರೆ, ಓದಲಾರರು. ಬಾಡಿಗೆಯ ಮನೆಯಲ್ಲಿ ಒಂದೇ ಕಪಾಟಿಗೆ ಜಾಗ. ಉಳಿದ 500ನ್ನು ಏನು ಮಾಡುವುದು?

ಹೊರನಾಡಿನ ಕನ್ನಡಿಗ ತೀರಿಕೊಂಡ ಮೇಲೆ ಅಥವಾ ಮನೆ ಬದಲಿಸುವಾಗ ಅವನ ಪುಸ್ತಕಗಳು ಎರಡೇ ಕಡೆ ಹೋಗುತ್ತವೆ: ರದ್ದಿಯವನ ತಕ್ಕಡಿಗೆ, ಇಲ್ಲವೇ ಕನ್ನಡ ಸಂಘದ ಗ್ರಂಥಾಲಯಕ್ಕೆ. ಮೊದಲನೆಯದನ್ನು ಕುರಿತು ಹೇಳುವುದೇನೂ ಇಲ್ಲ. ಎರಡನೆಯದು ಮೇಲ್ನೋಟಕ್ಕೆ ಉದಾತ್ತ. ಆದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗಾಗಲಿ ಮಾಹಿಮಿನ ಕರ್ನಾಟಕ ಸಂಘಕ್ಕಾಗಲಿ ಇರುವುದು ಮುಂಬಯಿಯ ಗೋಡೆಗಳೇ, ಅವು ಹಿಗ್ಗುವುದಿಲ್ಲ. ಹತ್ತು ಮನೆಗಳಿಂದ ಒಂದೇ ಜನಪ್ರಿಯ ಕಾದಂಬರಿಯ ಹತ್ತು ಪ್ರತಿಗಳು ಬಂದು ಬಿದ್ದರೆ ಗ್ರಂಥಪಾಲಕರು ಅವನ್ನು ಎಲ್ಲಿಡಬೇಕು? ಬೇಡವೆಂದರೆ ದಾನಿ ಮುನಿಸಿಕೊಳ್ಳುತ್ತಾನೆ. ಮಿಕ್ಸರಿನ ಕಥೆ ಇಲ್ಲಿಯೂ ನಡೆಯುತ್ತದೆ, ಪಾತ್ರಗಳಷ್ಟೇ ಬೇರೆ. ನಮ್ಮ ಕಪಾಟಿನ ಸಮಸ್ಯೆಯನ್ನು ಸಂಘದ ಕಪಾಟಿಗೆ ವರ್ಗಾಯಿಸಿ ಅದಕ್ಕೆ 'ಪುಸ್ತಕದಾನ' ಎಂದು ಹೆಸರಿಡುತ್ತೇವೆ.

ನಾವು ಪುಸ್ತಕಗಳ ಪಟ್ಟಿಮಾಡಿ ಮೊದಲು ಸಂಘದ ಗ್ರಂಥಾಲಯದವರಿಗೆ ಕಳುಹಿಸಿದೆವು. ಅವರಲ್ಲಿ ಇಲ್ಲದ 60ನ್ನು ಅವರು ಗುರುತುಮಾಡಿ ಒಯ್ದರು. ಉಳಿದವಕ್ಕೆ ಮುದ್ರಿತ ಬೆಲೆ ಏನೇ ಇರಲಿ, ತೆಳ್ಳಗಿನದಕ್ಕೆ 20, ದಪ್ಪನೆಯದಕ್ಕೆ 50 ರೂಪಾಯಿ ಎಂದು ಬರೆದು ಹಾಕಿದೆವು. ಉಚಿತವೆಂದು ಏಕೆ ಬರೆಯಲಿಲ್ಲ ಎಂದು ಗೆಳೆಯರು ಕೇಳಿದರು. ಉಚಿತವಾದ ಪುಸ್ತಕವನ್ನು ಜನ ಕೈತುಂಬ ಒಯ್ಯುತ್ತಾರೆ. 20 ರೂಪಾಯಿ ಕೊಡಬೇಕಾದಾಗ ತೆರೆದು ನೋಡುತ್ತಾರೆ, ಒಂದು ಪುಟ ಓದುತ್ತಾರೆ, ಇದು ನನಗೆ ಬೇಕೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಆ ಒಂದು ಪುಟದ ಓದಿಗಾಗಿಯೇ ಬೆಲೆ ಬೇಕು. ಕಲ್ಯಾಣದಿಂದ ಬಂದ ತರುಣಿಯೊಬ್ಬಳು ನೆಲದ ಮೇಲೆ ಕುಳಿತು ಎರಡು ಗಂಟೆ ಹುಡುಕಿ 14 ಪುಸ್ತಕಗಳನ್ನು ಆರಿಸಿದಳು. ಅವಳ ಚೀಲದಲ್ಲಿ 12ಕ್ಕೆ ಮಾತ್ರ ಜಾಗವಿತ್ತು. ಎರಡನ್ನು ಕೈಯಲ್ಲಿಯೇ ಹಿಡಿದುಕೊಂಡು ಹೋದಳು.

ಹೀಗೆ ಹೋದವು 190. ಉಳಿದವು ಇನ್ನೂ 250. ಅವನ್ನು ನಾವು ಹೊಸ ಬಾಡಿಗೆಯ ಮನೆಯ ಮಂಚದ ಕೆಳಗೆ ಆರು ಪೆಟ್ಟಿಗೆಗಳಲ್ಲಿ ಇಟ್ಟಿದ್ದೇವೆ. ನಾವು ಗೆದ್ದೆವೆಂದು ಹೇಳಲು ಇಲ್ಲಿ ಏನೂ ಇಲ್ಲ. ಓದುವವರಿಲ್ಲದ ಭಾಷೆಯ ಪುಸ್ತಕಕ್ಕೆ ಚೀಟಿಯ ಮೇಲಿನ ಬೆಲೆ ಓದುಗರನ್ನು ಹುಟ್ಟಿಸಿಕೊಡುವುದಿಲ್ಲ. ಆದರೆ ಎಷ್ಟು ಜನ ಓದುಗರು ಉಳಿದಿದ್ದಾರೆ, ಏನು ಓದುತ್ತಾರೆ ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ದಾನದ ಲೆಕ್ಕ ಆ ಸತ್ಯವನ್ನು ಮುಚ್ಚಿಡುತ್ತದೆ.

ಮಾರಾಟವಾಗದ ಇನ್ನೊಂದು ವಸ್ತು ಒರಳುಕಲ್ಲು. ನಾಲ್ವರು ಸೇರಿ ಎತ್ತಬೇಕಾದ ಕಲ್ಲು ಅದು. ಅಮ್ಮ ಕೊನೆಯ ವರ್ಷದವರೆಗೂ ದೋಸೆಯ ಹಿಟ್ಟನ್ನು ಅದರಲ್ಲಿಯೇ ರುಬ್ಬುತ್ತಿದ್ದರು. ಅದಕ್ಕೆ ಮೊದಲು 300 ಎಂದು ಬರೆದೆವು. ಭಾನುವಾರ ಬೆಳಿಗ್ಗೆ 100 ಎಂದು ತಿದ್ದಿದೆವು. ಸಂಜೆ ಚೀಟಿಯನ್ನೇ ಕಿತ್ತೆವು. ಯಾರಾದರೂ ಒಯ್ದರೆ ಸಾಕು ಎಂದು ಕಾವಲುಗಾರನನ್ನು ಕೇಳಿದಾಗ ಆತ ನಕ್ಕ. ಅವನ ನಗು ನಮಗೆ ಉತ್ತರವಾಗಿತ್ತು. ನಾವು ಮತ್ತೆ ದಾನದ ದಾರಿಗೆ, ಅಂದರೆ ನಮಗೆ ಬೇಡವಾದುದನ್ನು ಇನ್ನೊಬ್ಬರ ಬೆನ್ನಿಗೆ ಕಟ್ಟುವ ದಾರಿಗೆ ಎರಡೇ ದಿನಗಳಲ್ಲಿ ಮರಳಿದ್ದೆವು. ಕಲ್ಲನ್ನು ಅಡುಗೆಮನೆಯಲ್ಲಿಯೇ ಬಿಟ್ಟು ಬೀಗದ ಕೈಯನ್ನು ಒಪ್ಪಿಸಿದೆವು.

ಹಣದ ವಿಷಯವನ್ನೂ ಮರೆಮಾಚಬೇಕಾಗಿಲ್ಲ. ಎರಡು ದಿನಗಳಲ್ಲಿ ಕೈಸೇರಿದ್ದು 38,600 ರೂಪಾಯಿ. ಸಾಮಾನು ಕಡಿಮೆಯಾದದ್ದರಿಂದ ಸಾಗಣೆಗೆ ದೊಡ್ಡ ಲಾರಿಯ ಬದಲು ಸಣ್ಣದೇ ಸಾಕಾಯಿತು. ಸ್ವಂತ ಬಳಕೆಯ ಪೀಠೋಪಕರಣ, ಪಾತ್ರೆ, ಬಟ್ಟೆಗಳನ್ನು ಆದಾಯ ತೆರಿಗೆಯ ಕಾನೂನು ಬಂಡವಾಳದ ಆಸ್ತಿಯೆಂದು ಎಣಿಸುವುದಿಲ್ಲ. ಒಡವೆ, ಚಿತ್ರ, ಶಿಲ್ಪಗಳ ಮಾತು ಬೇರೆ. ಹೀಗಿರುವಾಗ ಮುಚ್ಚುಮರೆ ಏಕೆ? ಗಳಿಸಿದ್ದನ್ನು ಹೇಳಿಕೊಳ್ಳಲು ನಾಚುವವರು ವ್ಯರ್ಥಮಾಡಿದ್ದನ್ನು ಹೇಳಿಕೊಳ್ಳಲು ಎಂದೂ ನಾಚುವುದಿಲ್ಲವೆಂಬುದು ನಮ್ಮ ನಡುವಿನ ವಿಚಿತ್ರ.

ಕೊನೆಯದಾಗಿ ಒಂದು ಸಲಹೆ. ಶಾಲೆಗೆ ರಜೆ ಬಂದು ವರ್ಗಾವಣೆಗಳು, ಮನೆ ಬದಲಾವಣೆಗಳು ಹೆಚ್ಚಾಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಊರುಗಳ ಕನ್ನಡ ಸಂಘಗಳು ವರ್ಷಕ್ಕೊಂದು ಭಾನುವಾರ ತಮ್ಮ ಸಭಾಂಗಣವನ್ನು ಇದಕ್ಕಾಗಿ ತೆರೆದಿಡಬಹುದು. ಮನೆ ಬಿಡುವವರು ಚೀಟಿ ಅಂಟಿಸಿ ಮೇಜು ಹಾಕಲಿ. ಹೊಸದಾಗಿ ಊರಿಗೆ ಬಂದವರು, ಕನ್ನಡಿಗರಿರಲಿ ಅಲ್ಲದಿರಲಿ, ನೋಡಿ ಕೊಳ್ಳಲಿ. ಒಂದು ಮೂಲೆಯಲ್ಲಿ ಪುಸ್ತಕಗಳಿರಲಿ, ಅವಕ್ಕೂ ಬೆಲೆಯಿರಲಿ. ಸನ್ಮಾನ, ಶಾಲು, ಹಾರಗಳಿಗೆ ವರ್ಷದ ಉಳಿದ ಭಾನುವಾರಗಳು ಇದ್ದೇ ಇವೆ. ಒಬ್ಬೊಬ್ಬರೇ ತಮ್ಮ ಮನೆಯ ಬಾಗಿಲಲ್ಲಿ ನಿಂತು ಮಾರಲು ಸಂಕೋಚವಾಗುವುದಾದರೆ, ಹತ್ತು ಮನೆಗಳವರು ಒಟ್ಟಿಗೆ ನಿಂತಾಗ ಆ ಸಂಕೋಚ ಹಗುರಾಗುತ್ತದೆ.

ಹಾಗೊಂದು ಭಾನುವಾರ ಎಲ್ಲಿಯಾದರೂ ನಡೆಯುವುದಾದರೆ ನಮ್ಮ ಮಂಚದ ಕೆಳಗಿನ ಆರು ಪೆಟ್ಟಿಗೆಗಳನ್ನು ತರುತ್ತೇವೆ. ಚೀಟಿಗಳನ್ನು ಇನ್ನೂ ಕಿತ್ತಿಲ್ಲ.